ನಲವತ್ತಾರು ಪೀಸಿನ ಪೆಟ್ಟಿಗೆ

ನಮ್ಮ ಅಬ್ಬಾ ಅವರದು ಉಣಕಲ್ ಕ್ರಾಸ್ ಹತ್ತಿರ ಸಣ್ಣ ಟೂ ವೀಲರ್ ಗ್ಯಾರೇಜ್. ನಾನು ಹತ್ತನೇ ತರಗತಿಯಲ್ಲಿದ್ದಾಗ ಈದ್ ದಿನ ಸಿಕ್ಕ ಈದಿ ದುಡ್ಡನ್ನೆಲ್ಲ ಕೂಡಿಸಿ ಅವರಿಗೊಂದು ಉಡುಗೊರೆ ತರಿಸಿದ್ದೆ. ಆನ್‌ಲೈನ್‌ನಲ್ಲಿ 499 ರೂಪಾಯಿಗೆ 46 ಪೀಸಿನ ಸಾಕೆಟ್ ಸೆಟ್. ಗ್ಯಾರೇಜಿನಲ್ಲಿ ಇದಕ್ಕೆ ಗೋಟಿ ಪಾನಾ ಅನ್ನುತ್ತಾರೆ. ಹಸಿರು ಡಬ್ಬಿ, ಒಳಗೆ ಬೆಳ್ಳಿಯ ಹಾಗೆ ಹೊಳೆಯುವ ಗೋಟಿಗಳು ಸಾಲಾಗಿ ಕೂತಿದ್ದವು. ಒಂದು ಪೀಸಿಗೆ ಹನ್ನೊಂದು ರೂಪಾಯಿಯೂ ಬೀಳಲಿಲ್ಲ ಎಂದು ಆಗಲೇ ಭಾಗಿಸಿ ನೋಡಿದ್ದೆ. ಕಾಮರ್ಸ್ ತೆಗೆದುಕೊಳ್ಳುವ ಬುದ್ಧಿ ಅಂದೇ ಇತ್ತು ಎಂದು ಕಾಣುತ್ತದೆ.

ಅಬ್ಬಾ ಡಬ್ಬಿ ತೆರೆದು ನೋಡಿ ಏನೂ ಅನ್ನಲಿಲ್ಲ. ನನ್ನ ತಲೆ ಸವರಿದರು, ಅಷ್ಟೇ. ಮರುದಿನ ನನ್ನ ಎದುರಿಗೇ ಅದರಿಂದ ಒಂದು ಗಾಡಿಯ ಶಾಕ್ ಅಬ್ಸಾರ್ಬರ್ ನಟ್ಟು ಬಿಚ್ಚಲು ಕೂತರು. ತುಕ್ಕು ಹಿಡಿದ 14 ನಂಬರ್ ನಟ್ಟು. ಎರಡನೇ ಸಲ ಜೋರು ಹಾಕಿದಾಗ ಗೋಟಿ ಟಪ್ ಎಂದು ಸೀಳಿತು. ಅಬ್ಬಾನ ಕೈ ಜಾರಿ ಸೈಲೆನ್ಸರಿಗೆ ಬಡಿದು ಬೆರಳಿನ ಗಿಣ್ಣುಗಳ ಚರ್ಮ ಸುಲಿಯಿತು. ನಟ್ಟಿನ ಮೂಲೆಗಳು ಸವೆದು ದುಂಡಗಾದವು. ಆಮೇಲೆ ಉಳಿ ಇಟ್ಟು ಹೊಡೆದು ಅದನ್ನು ತೆಗೆಯಲು ಮುಕ್ಕಾಲು ಗಂಟೆ ಹಿಡಿಯಿತು. ಹೊಸ ನಟ್ಟಿನ ದುಡ್ಡನ್ನು ಅಬ್ಬಾ ಗಿರಾಕಿಯ ಹತ್ತಿರ ತೆಗೆದುಕೊಳ್ಳಲಿಲ್ಲ. ಗಿರಾಕಿ ಮಾತ್ರ ಪದೇ ಪದೇ ಗಡಿಯಾರ ನೋಡುತ್ತಿದ್ದರು. ಅವರು ಮತ್ತೆ ಬಂದದ್ದನ್ನು ನಾನು ನೋಡಿಲ್ಲ.

ನಮ್ಮ ಮನೆಯಲ್ಲಿ ಒಂದು ಗಾದೆ ಇದೆ: ಮೆಹಂಗಾ ರೋಯೇ ಏಕ್ ಬಾರ್, ಸಸ್ತಾ ರೋಯೇ ಬಾರ್ ಬಾರ್. ದುಬಾರಿ ಕೊಂಡವನು ಒಮ್ಮೆ ಅಳುತ್ತಾನೆ, ಅಗ್ಗದ್ದು ಕೊಂಡವನು ಮತ್ತೆ ಮತ್ತೆ ಅಳುತ್ತಾನೆ ಎಂದು ಅರ್ಥ. ಅಂದು ಯಾರೂ ಅದನ್ನು ನನಗೆ ಹೇಳಲಿಲ್ಲ, ಅದಕ್ಕೇ ಹೆಚ್ಚು ನಾಚಿಕೆಯಾಯಿತು.

ಈ ವರ್ಷ ಆ ಲೆಕ್ಕ ಮತ್ತೆ ನನ್ನ ಮುಂದೆ ಬಂತು. ಐಟಿಐ ಮುಗಿಸಿ ಮೂರು ವರ್ಷ ಅಬ್ಬಾನ ಜೊತೆ ದುಡಿದ ಭಾಯ್ ಭೈರಿದೇವರಕೊಪ್ಪದಲ್ಲಿ ಸ್ವಂತ ಗ್ಯಾರೇಜ್ ಹಾಕುವುದು ಎಂದಾಯಿತು. ಮಳಿಗೆಯ ಡಿಪಾಜಿಟ್ಟಿಗೆ ಅವನ ಉಳಿತಾಯ ಹೋಯಿತು. ಸಾಮಾನಿಗೆ ಉಳಿದದ್ದು ಅಮ್ಮಿಯ ಬೀಸಿ. ಓಣಿಯ ಇಪ್ಪತ್ತು ಜನ ಹೆಂಗಸರು, ತಿಂಗಳಿಗೆ ಸಾವಿರ, ಅಮ್ಮಿಯ ಪಾಳಿಗೆ ಇಪ್ಪತ್ತು ಸಾವಿರ. ಬಡ್ಡಿಯ ಸಾಲ ನಮ್ಮ ಮನೆಯಲ್ಲಿ ಮಾಡುವುದಿಲ್ಲ, ಕಂತಿನ ಮೇಲೆ ಸಾಮಾನು ತರುವ ಮಾತೂ ಇಲ್ಲ. ಹಾಗಾಗಿ ಅದೇ ಇಪ್ಪತ್ತು ಸಾವಿರದೊಳಗೆ ಗ್ಯಾರೇಜ್ ನಿಲ್ಲಬೇಕು. ‘ನೀನು ಕಾಮರ್ಸ್ ಅಲ್ಲವಾ, ಪಟ್ಟಿ ಮಾಡು’ ಎಂದು ಭಾಯ್ ನೋಟ್‌ಬುಕ್ಕು ನನ್ನ ಕೈಗೆ ಕೊಟ್ಟ.

ಮೊದಲು ನಾನು ಪುಸ್ತಕದ ದಾರಿ ಹಿಡಿದೆ. ಪ್ರಥಮ ಪಿಯುಸಿಯಲ್ಲಿ ಸವಕಳಿ ಪಾಠ ಎಲ್ಲರೂ ಓದಿದ್ದೇವೆ. ಕೊಂಡ ಬೆಲೆಯಿಂದ ಕೊನೆಗೆ ಉಳಿಯುವ ಬೆಲೆ ಕಳೆದು, ಬಾಳಿಕೆಯ ವರ್ಷಗಳಿಂದ ಭಾಗಿಸಿದರೆ ವರ್ಷದ ಸವಕಳಿ. ಒಳ್ಳೆಯ ರಿಂಗ್ ಪಾನಾ ಸೆಟ್ 1,150 ರೂಪಾಯಿ, ಹತ್ತು ವರ್ಷ ಬಂದರೆ ವರ್ಷಕ್ಕೆ 115. ಹೆಸರಿಲ್ಲದ ಸೆಟ್ 380, ಒಂದೇ ವರ್ಷ ಬಂದರೆ 380. ಗಾದೆ ಸರಿಯಾಯಿತು ಎಂದುಕೊಂಡೆ. ಆದರೆ ಎಲ್ಲಾ ಸಾಮಾನಿಗೂ ಹೀಗೆ ಒಳ್ಳೆಯದನ್ನೇ ಬರೆಯುತ್ತಾ ಹೋದಾಗ ಮೊತ್ತ ಮೂವತ್ತೆಂಟು ಸಾವಿರ ದಾಟಿತು. ಒಮ್ಮೆ ಅಳುವುದಕ್ಕೂ ಕೈಯಲ್ಲಿ ದುಡ್ಡು ಬೇಕು. ಆ ಗಾದೆ ಕಟ್ಟಿದವರು ಇದನ್ನು ಯೋಚಿಸಿರಲಿಕ್ಕಿಲ್ಲ.

ಪಟ್ಟಿ ನೋಡಿ ಅಬ್ಬಾ ನಕ್ಕರು. ತಮ್ಮ ಡಬ್ಬಿ ಸುರಿದು ತೋರಿಸಿದರು. ಅವರ ಪಾನಾಗಳು ಒಂದರ ಹಾಗೆ ಒಂದಿಲ್ಲ. ಗ್ಯಾರೇಜ್ ಶುರು ಮಾಡಿದಾಗ ಸೆಟ್ ಕೊಳ್ಳಲು ಆಗಲಿಲ್ಲವಂತೆ, ಬಿಡಿಬಿಡಿಯಾಗಿ ಕೊಂಡರಂತೆ. ಮೊದಲ ವಾರ 10-11, ಮುಂದಿನ ವಾರ 12-13, ಆಮೇಲೆ 14-15. ಅಂಗಡಿಯ ಎಂಟರ ಸೆಟ್ಟಿನಲ್ಲಿ 6-7ರಿಂದ 20-22ರವರೆಗೆ ಎಲ್ಲಾ ಇರುತ್ತವೆ, ಆದರೆ ಬೈಕಿನ ಕೆಲಸದಲ್ಲಿ ದಿನವೂ ಕೈಗೆ ಬರುವುದು 8, 10, 12, 14, 17. ‘ಐದು ಒಳ್ಳೆಯವು ತಗೋ. ಎಂಟು ಕೆಟ್ಟವು ಬೇಡ, ಎಂಟು ಒಳ್ಳೆಯವೂ ಬೇಡ’ ಎಂದರು. ನನಗೆ ಈ ಮೂರನೆಯ ದಾರಿ ಹೊಳೆದೇ ಇರಲಿಲ್ಲ. ಬೆಲೆ ಎಷ್ಟು, ಗುಣ ಎಷ್ಟು ಎಂದು ಎರಡೇ ಕಾಲಂ ಹಾಕಿದ್ದೆ; ಬೇಕೋ ಬೇಡವೋ ಎನ್ನುವ ಕಾಲಂ ಇರಲಿಲ್ಲ.

ಹಾಗೆಯೇ ಅಬ್ಬಾ ಎಲ್ಲದಕ್ಕೂ ಒಳ್ಳೆಯ ಮಾಲೇ ಬೇಕು ಎನ್ನುವವರೂ ಅಲ್ಲ. ಗರಗಸದ ಚೌಕಟ್ಟು ಅಗ್ಗದ್ದು ಸಾಕು, ಬ್ಲೇಡ್ ಒಳ್ಳೆಯದಿರಲಿ. ಸುತ್ತಿಗೆ ಯಾವುದಾದರೂ ಸರಿ, ಹಿಡಿ ಗಟ್ಟಿ ಇರಬೇಕು. ಆಯಿಲ್ ಹಿಡಿಯುವ ಟ್ರೇಗೆ ಹಳೇ ಡಬ್ಬಿ ಕೊಯ್ದರಾಯಿತು. ಆದರೆ ನಟ್ಟಿನ ಮೂಲೆ ಹಿಡಿದು ಜೋರು ತಡೆಯಬೇಕಾದ ಸಾಮಾನಿನಲ್ಲಿ ಜಿಪುಣತನ ಬೇಡ. ಕೆಟ್ಟ ಉಕ್ಕಿನ ಪಾನಾದ ಬಾಯಿ ಜೋರು ಬಿದ್ದಾಗ ಅಗಲವಾಗುತ್ತದೆ. ಅಲ್ಲಿ ಹಾಳಾಗುವುದು ಬರೀ ಪಾನಾ ಅಲ್ಲ, ಗಿರಾಕಿಯ ನಟ್ಟು. ಸವಕಳಿ ಸೂತ್ರದಲ್ಲಿ ಆ ನಟ್ಟಿಗೆ ಜಾಗವೇ ಇಲ್ಲ.

ಭಾನುವಾರ ಭಾಯ್ ಮತ್ತು ನಾನು ಚಿಗರಿ ಬಸ್ ಹತ್ತಿ ಪೇಟೆಗೆ ಹೋದೆವು. ಮೊದಲ ಅಂಗಡಿಯಲ್ಲಿ ಹೆಸರಾಂತ ಕಂಪನಿಯ ಪಕ್ಕಡ್ ಅರ್ಧ ಬೆಲೆಗೆ ಸಿಗುತ್ತಿತ್ತು. ಭಾಯ್ ಅದರ ಮೇಲಿನ ಅಕ್ಷರಗಳ ಮೇಲೆ ಉಗುರು ಎಳೆದ. ಅಚ್ಚು ತೇಲಿಕೊಂಡಿತ್ತು, ಎರಡು ದವಡೆ ಮುಚ್ಚಿದರೂ ನಡುವೆ ಬೆಳಕು ಕಾಣುತ್ತಿತ್ತು. ಬಿಲ್ ಕೇಳಿದರೆ, ‘ಬಿಲ್ ಬೇಕಂದ್ರ ರೇಟ್ ಬ್ಯಾರೆ ಆಗತೈತಿ’ ಅಂದರು. ಪಾನಾ, ಪಕ್ಕಡಿಗೆ ಜಿಎಸ್‌ಟಿ ಶೇಕಡಾ 18. ಭಾಯ್‌ನ ಗ್ಯಾರೇಜಿನಂಥ ಸೇವೆಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ನೋಂದಣಿ ಬೇಕಿಲ್ಲ, ಹಾಗಾಗಿ ಕಟ್ಟಿದ ತೆರಿಗೆ ವಾಪಸ್ ಬರುವುದಿಲ್ಲ, ಖರ್ಚಿಗೇ ಸೇರುತ್ತದೆ. ಬಿಲ್ ಬಿಡುವ ಆಸೆ ಹುಟ್ಟುವುದು ಇಲ್ಲೇ. ಆದರೆ ಬಿಲ್ ಇಲ್ಲದೆ ಬದಲಿ ಕೇಳುವುದು ಯಾರನ್ನು?

ಪ್ರವಾದಿಯವರು (ಸ) ಒಮ್ಮೆ ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಇಟ್ಟಾಗ ಒಳಗೆ ಒದ್ದೆ ಕಾಳು ಸಿಕ್ಕಿದ ಹದೀಸು ನಮಗೆಲ್ಲ ಗೊತ್ತು. ಒದ್ದೆಯದನ್ನು ಜನರಿಗೆ ಕಾಣುವ ಹಾಗೆ ಮೇಲೇಕೆ ಇಡಲಿಲ್ಲ ಎಂದು ಅವರು ವ್ಯಾಪಾರಿಯನ್ನು ಕೇಳಿದ್ದರು. ಕ್ರೋಮ್ ಲೇಪ ನೋಡಿದಾಗ ನನಗೆ ಆ ರಾಶಿಯೇ ನೆನಪಾಯಿತು. ಒದ್ದೆ ಕಾಳು ಮಾರಬಾರದು ಎಂದಲ್ಲ, ಮುಚ್ಚಿ ಮಾರಬಾರದು. ಇದು ನನಗೆ ಸ್ಪಷ್ಟವಾದದ್ದು ಎರಡನೇ ಅಂಗಡಿಯಲ್ಲಿ. ಅಲ್ಲಿನ ಹಿರಿಯರೊಬ್ಬರು 300 ರೂಪಾಯಿಯ ಸೆಟ್ ತೋರಿಸಿ ಹೇಳಿದರು, ‘ಇದು ಮನಿಗೆ ಇಟಗೊಳ್ಳಾಕ ಛಲೋ ಐತಿ ನೋಡ್ರಿ. ಗ್ಯಾರೇಜಿಗೆ ಒಯ್ಯಬ್ಯಾಡ್ರಿ, ಆಮ್ಯಾಲೆ ನನಗ ಬೈತೀರಿ.’ ಅಗ್ಗದ ಮಾಲಿನ ಮೇಲೆ ನನಗಿದ್ದ ಸಿಟ್ಟು ಅಲ್ಲಿ ಅರ್ಧ ಇಳಿಯಿತು.

ಅವರ ಅಂಗಡಿಯಲ್ಲೇ ಐದು ಪಾನಾ, ರಿಂಗ್ ಸೆಟ್, ಒಂದು ತಪಾರಿಯಾ ಪಕ್ಕಡ್ ಕೊಂಡೆವು. ಸ್ವೀಡನ್ ಕಂಪನಿಯೊಂದರ ತಂತ್ರಜ್ಞಾನದ ನೆರವಿನಿಂದ 1969ರಲ್ಲಿ ಕೈ ಉಪಕರಣ ತಯಾರಿಕೆ ಶುರು ಮಾಡಿದ ಕಂಪನಿ ಅದು. ಬೆಂಚ್ ವೈಸ್ ಮಾತ್ರ ಹೊಸದಾಗಿ ಕೊಳ್ಳಲಿಲ್ಲ. ಗುಜರಿಯಲ್ಲಿ ಹನ್ನೊಂದು ಕೆಜಿಯ ಹಳೇ ವೈಸ್ ಸಿಕ್ಕಿತು, ಕೆಜಿಗೆ 90ರಂತೆ 990 ರೂಪಾಯಿ. ಡೀಸೆಲ್‌ನಲ್ಲಿ ಒಂದು ರಾತ್ರಿ ನೆನೆಸಿ, ತಂತಿ ಬ್ರಷ್ ಹಾಕಿ ಉಜ್ಜಿದ ಮೇಲೆ ತಿರುಪು ಒಂದು ಬೆರಳಿಗೆ ತಿರುಗಿತು. ಏರ್ ಕಂಪ್ರೆಸರ್ ಪಟ್ಟಿಯಿಂದಲೇ ಹೋಯಿತು. ಪಕ್ಕದಲ್ಲಿ ಪಂಕ್ಚರ್ ಅಂಗಡಿ ಇದೆ.

ಖರ್ಚು 19,640ಕ್ಕೆ ನಿಂತಿತು. ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲಿ ಲೂಸ್ ಟೂಲ್ಸ್ ಬರುವುದು ಇನ್ವೆಂಟರಿಯ ಕೆಳಗೆ, ಕರೆಂಟ್ ಅಸೆಟ್ ಆಗಿ ಎಂದು ಅಬ್ಬಾಗೆ ಹೇಳಿದೆ. ಅಂದರೆ ಏನು ಎಂದು ಕೇಳಿದರು. ಬೇಗ ಖರ್ಚಾಗುವ ಸಾಮಾನಿನ ಸಾಲಿನಲ್ಲಿ ಎಂದೆ. ಕೈಯಲ್ಲಿದ್ದ ಹಳೇ 14-15 ಪಾನಾ ನೋಡಿದರು, ನನ್ನನ್ನು ನೋಡಿದರು, ಮತ್ತೆ ಕೆಲಸಕ್ಕೆ ಬಾಗಿದರು.

ಹಸಿರು ಡಬ್ಬಿ ಈಗ ಮನೆಯಲ್ಲಿದೆ. ಅಮ್ಮಿಯ ಹೊಲಿಗೆ ಯಂತ್ರ, ಮಿಕ್ಸರ್, ನನ್ನ ಸೈಕಲ್ಲಿಗೆ ಚೆನ್ನಾಗಿಯೇ ನಡೆಯುತ್ತಿದೆ, 14 ನಂಬರ್ ಗೋಟಿಯ ಗುಳಿ ಮಾತ್ರ ಖಾಲಿ. ಭಾಯ್ ಮ್ಯಾಗ್ನೆಟ್ ಪುಲ್ಲರ್ ಇನ್ನೂ ಕೊಂಡಿಲ್ಲ. ಅಗ್ಗದ್ದು ಬೇಡವಂತೆ, ಒಳ್ಳೆಯದಕ್ಕೆ ದುಡ್ಡಿಲ್ಲವಂತೆ. ವಾರಕ್ಕೆರಡು ಸಲ ಅಬ್ಬಾನದೇ ಕೇಳಿಕೊಂಡು ಬರುತ್ತಾನೆ. ಒಯ್ದದ್ದನ್ನು ಒರೆಸಿ ವಾಪಸ್ ತರುವುದಿಲ್ಲ ಎಂದು ಅಬ್ಬಾ ಗೊಣಗಲು ಶುರು ಮಾಡಿದ್ದಾರೆ.