ತೇಗದ ಬೋಗಿ

ಹಳೆಯ ರೈಲುಬೋಗಿಯೊಂದು ತನ್ನ ಮುಪ್ಪಿನಲ್ಲಿ ಕೋಳಿಗೂಡಾಗಬಹುದೆಂದು ನನಗೆ ಗೊತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಹಾಗೆ ಆದದ್ದುಂಟು. ಸವೆದ ಬೋಗಿಗಳ ಚಕ್ರ ಕಳಚಿ, ಬರಿಯ ಒಡಲನ್ನು ರೈಲ್ವೆ ಕಂಪನಿಗಳು ಅಗ್ಗದ ಬೆಲೆಗೆ ಮಾರುತ್ತಿದ್ದವು. ಕೊಂಡವರು ಅದನ್ನು ತೋಟದ ಮೂಲೆಯಲ್ಲಿರಿಸಿ ಕೋಳಿ ಸಾಕಿದರು, ಹುಲ್ಲು ತುಂಬಿದರು. ಕೆಲವರು ಕಡಲತೀರದಲ್ಲಿ ನಿಲ್ಲಿಸಿ, ಮೇಲೊಂದು ಸೂರು ಹೊದಿಸಿ, ಸಂಸಾರವನ್ನೇ ಹೂಡಿದರು. ಐವತ್ತು ಅರುವತ್ತು ವರ್ಷ ಕಳೆದ ಮೇಲೆ ಯಾರೋ ಹುಚ್ಚರು ಬಂದು, “ಈ ಕೋಳಿಗೂಡನ್ನು ನಮಗೆ ಕೊಡುತ್ತೀರಾ?” ಎಂದು ಕೇಳುತ್ತಾರೆ. ಅಂಥ ಹುಚ್ಚರ ಜೊತೆಯಲ್ಲಿ ಒಂದು ದಿನ ಕಳೆಯುವ ಯೋಗ ನನಗೆ ಒದಗಿತ್ತು.

ಸಸೆಕ್ಸ್ ಸೀಮೆಯಲ್ಲಿ ಬ್ಲೂಬೆಲ್ ರೈಲ್ವೆ ಎಂದೊಂದಿದೆ. ೧೮೮೨ರಲ್ಲಿ ತೆರೆದ ಆ ದಾರಿಯನ್ನು ೧೯೫೮ರಲ್ಲಿ ಮುಚ್ಚಿದರು. ೧೯೬೦ರ ಆಗಸ್ಟಿನಲ್ಲಿ ಅಭಿಮಾನಿಗಳು ಒಂದು ಸಂಘ ಕಟ್ಟಿಕೊಂಡು ಅದರ ಒಂದು ತುಂಡಿನ ಮೇಲೆ ಮತ್ತೆ ಉಗಿಬಂಡಿ ಓಡಿಸಿದರು. ವೇಲ್ಸಿನ ಟಾಲಿಲಿನ್ ಎಂಬ ಪುಟ್ಟ ರೈಲನ್ನು ೧೯೫೧ರಲ್ಲಿ ಸ್ವಯಂಸೇವಕರು ವಹಿಸಿಕೊಂಡದ್ದು ಇಂಥ ಸಾಹಸಗಳಿಗೆಲ್ಲ ಹಿರಿಯಣ್ಣ. ಬ್ಲೂಬೆಲ್ಲಿನ ಬೋಗಿಗಳ ಕಾರ್ಖಾನೆ ಹಾರ್ಸ್ಟೆಡ್ ಕೀನ್ಸ್ ನಿಲ್ದಾಣದ ಮಗ್ಗುಲಲ್ಲಿದೆ. ಆ ದೇಶದಲ್ಲಿ ಕೆಲಸಕ್ಕಿರುವ ನನ್ನ ತಮ್ಮ, “ಅಣ್ಣಾ, ಅರಮನೆ ನೋಡೋದು ಬಿಟ್ಟು ಬಡಗಿ ಕೊಟ್ಟಿಗೆ ನೋಡ್ತೀನಂತೀಯಲ್ಲ!” ಎಂದು ಗೊಣಗುತ್ತಲೇ ಕರೆದೊಯ್ದ.

ಜನವರಿ ತಿಂಗಳು. ನನ್ನ ಹಲ್ಲುಗಳು ತಮ್ಮಷ್ಟಕ್ಕೆ ತಾಳ ಹಾಕುತ್ತಿದ್ದುವು. ಚಳಿಗಾಲದಲ್ಲಿ ಗಾಡಿಗಳ ಓಡಾಟ ಕಡಿಮೆ. ಕೈಗಳಿಗೆ ಬಿಡುವು ಹೆಚ್ಚು. ಆದರೆ ತಣ್ಣನೆಯ ತೇವದ ಗಾಳಿ ವಾರ್ನಿಶಿಗೆ ಪರಮ ಶತ್ರು. ಬಳಿದದ್ದು ಒಣಗುವುದಿಲ್ಲ, ಒಣಗಿದರೂ ಮಂಜು ಕವಿದ ಕನ್ನಡಿಯಂತೆ ಮಾಸುತ್ತದೆ. ಆದ್ದರಿಂದ ಕೆರೆಯುವುದು, ಹಲಗೆ ಕೂಡಿಸುವುದು, ಆಸನಗಳಿಗೆ ಕುದುರೆಯ ಕೂದಲು ತುಂಬುವುದು, ಕಿಟಕಿಯನ್ನು ಏರಿಸಿ ಇಳಿಸುವ ತೊಗಲುಪಟ್ಟಿ ಹೊಲಿಯುವುದು, ಇಂಥವೇ ಆಗ ನಡೆಯುತ್ತವೆ. ಸಂಬಳದವರು ಕೆಲವರಿದ್ದಾರೆ. ಉಳಿದವರು ತಮ್ಮ ಬುತ್ತಿಯನ್ನು ತಾವೇ ಕಟ್ಟಿಕೊಂಡು ಬಂದು ದುಡಿಯುವವರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮರ. ಲಂಡನ್ನಿನ ಮೆಟ್ರೊಪಾಲಿಟನ್ ಕಂಪನಿಗಾಗಿ ೧೯೦೦ರ ಸುಮಾರಿಗೆ ಕಟ್ಟಿದ ಬೋಗಿಗಳು ಅಲ್ಲಿವೆ, ಹೊರಮೈಯೆಲ್ಲ ತೇಗ. ತನ್ನೊಳಗಿನ ಎಣ್ಣೆಯ ಬಲದಿಂದ ಕೊಳೆಯದೆ ನಿಲ್ಲುವ ಮರ ಅದು. ಇಂಗ್ಲಿಷರ ‘ಟೀಕ್’ ಎಂಬ ಮಾತು ಪೋರ್ಚುಗೀಸರ ‘ಟೆಕಾ’ದಿಂದ ಬಂತು, ಪೋರ್ಚುಗೀಸರು ಅದನ್ನು ಎತ್ತಿಕೊಂಡದ್ದು ಮಲಯಾಳದ ‘ತೇಕ್ಕಿ’ನಿಂದ. ನಮ್ಮ ‘ತೇಗ’ ಅದರ ದಾಯಾದಿ. ಮರಕ್ಕೂ ಮಾತಿಗೂ ಹಡಗಿನ ಪ್ರಯಾಣ ತಪ್ಪಲಿಲ್ಲ! ಅಷ್ಟು ದೂರದಲ್ಲಿ, ಆ ಚಳಿಯಲ್ಲಿ, ನಂಟರೊಬ್ಬರು ಸಿಕ್ಕಂತಾಗಿ ನಾನು ಹಲಗೆಯ ಮೇಲೆ ಕೈಯಾಡಿಸಿದೆ.

ಅಲ್ಲಿ ಒಬ್ಬ ಮುದುಕರಿದ್ದರು, ಎಂಬತ್ತು ದಾಟಿದವರು. ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತರಾದವರಂತೆ. ಉಳಿ ಹಿಡಿದದ್ದೇ ಅರುವತ್ತರ ಮೇಲೆ. ತೋಟದಿಂದ ತಂದ ಬೋಗಿಯೊಂದರ ಬಾಗಿಲನ್ನು ಕೆರೆಯುತ್ತಿದ್ದರು. ಮೇಲೆ ಹಸುರು, ಅದರಡಿ ಬಿಳಿ, ಅದರಡಿ ಕಂದು. ಎಲ್ಲದರ ಕೆಳಗೆ ಬಂಗಾರದ ‘೩’ ಮಂಕಾಗಿ ಇಣುಕಿತು. ಮೂರನೆಯ ದರ್ಜೆ. (೧೮೭೫ರಲ್ಲಿ ಮಿಡ್ಲೆಂಡ್ ಕಂಪನಿ ಎರಡನೆಯ ದರ್ಜೆಯನ್ನು ಎತ್ತಿಹಾಕಿತು, ಉಳಿದವರೂ ಒಬ್ಬೊಬ್ಬರಾಗಿ ಅನುಸರಿಸಿದರು, ಒಂದು ಮತ್ತು ಮೂರರ ನಡುವೆ ಎರಡಿಲ್ಲದೆಯೇ ಆ ದೇಶ ಬಹುಕಾಲ ಪ್ರಯಾಣ ಮಾಡಿತು. ೧೯೫೬ರಲ್ಲಿ ಮೂರಕ್ಕೆ ಎರಡೆಂದು ಹೆಸರಿಟ್ಟರು.) ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಮಹಾರಾಣಿಯವರ ಸಲೂನನ್ನು ನೀವು ನೋಡಿರಬಹುದು. ಅರಸರ ಗಾಡಿಯನ್ನು ಯಾರಾದರೂ ಕಾಪಾಡುತ್ತಾರೆ. ಮೂರನೆಯ ದರ್ಜೆಯ ಬೋಗಿಯನ್ನು ಕಾಪಾಡಲು ಸ್ವಲ್ಪ ಹುಚ್ಚೇ ಬೇಕು.

ಆ ಬೋಗಿಯ ಕೆಳತೊಲೆ ನೆಲದ ಪಸೆಗೆ ಲಡ್ಡು ಹಿಡಿದಿತ್ತು. ಇಡೀ ತೊಲೆಯನ್ನು ಬದಲಾಯಿಸಿದ್ದರೆ ಕೆಲಸ ಹಗುರ. ಅವರು ಹಾಗೆ ಮಾಡಿರಲಿಲ್ಲ. ಕೊಳೆತಷ್ಟನ್ನೇ ಓರೆಯಾಗಿ ಕೊಯ್ದು, ಹೊಸ ಮರವನ್ನು ಹಳೆಯದಕ್ಕೆ ಬೆಸೆದು, ಒಳಮಗ್ಗುಲಲ್ಲಿ ಇಸವಿ ಬರೆದಿದ್ದರು. “ಮುಂದೆ ಬಿಚ್ಚಿದವನಿಗೆ ಯಾವುದು ನನ್ನದು, ಯಾವುದು ಅವರದು ಎಂದು ತಿಳಿಯಬೇಡವೇ?” ಎಂದರು.

ಗ್ರಂಥಸಂಪಾದನೆಯ ಪಾಠವನ್ನು ನಾನು ತರಗತಿಯಲ್ಲಿ ವರ್ಷಗಳಿಂದ ಹೇಳುತ್ತಿದ್ದೇನೆ. ಇಷ್ಟು ಚಿಕ್ಕ ಮಾತಿನಲ್ಲಿ ಹೇಳಿದ್ದಿಲ್ಲ. ಹುಳು ತಿಂದ ಅಕ್ಷರವನ್ನು ತುಂಬಿ ಕಂಸ ಹಾಕಬೇಕು. ಕಂಸವಿಲ್ಲದೆ ತುಂಬಿ, ಕವಿಗೇ ಕಟ್ಟಿ ಮೆರೆಯುವ ವಿದ್ವಾಂಸರು ನಮ್ಮಲ್ಲಿ ಕಡಿಮೆಯಿಲ್ಲ. ನನ್ನ ಗುರುಗಳು ಅರ್ಧಕ್ಕೆ ಬಿಟ್ಟು ತೀರಿಕೊಂಡ ಒಂದು ಕಾವ್ಯದ ಓಲೆಪ್ರತಿಗಳ ಕಟ್ಟು ಈಗ ನನ್ನ ಬೀರುವಿನಲ್ಲಿದೆ. ಹದಿನಾಲ್ಕು ಆಶ್ವಾಸ; ನಾನು ಐದನೆಯದರಲ್ಲಿದ್ದೇನೆ. ಕಾಲೇಜಿನ ಕೆಲಸ ಮುಗಿಸಿ ರಾತ್ರಿ ಒಂದೆರಡು ಪದ್ಯ ಸಾಗಿದರೆ ದೊಡ್ಡದು. ಈ ಲೆಕ್ಕದಲ್ಲಿ ಮುಗಿಯುವುದು ಎಂದು ಎಂಬ ಪ್ರಶ್ನೆಯನ್ನು ಮನೆಯಾಕೆ ಕೇಳುವುದಿಲ್ಲ, ನಾನೇ ಕೇಳಿಕೊಳ್ಳುತ್ತೇನೆ.

ಅದನ್ನೇ ಮುದುಕರನ್ನೂ ಕೇಳಿದೆ: “ಈ ಬೋಗಿ ಓಡುವುದು ಯಾವಾಗ?”

“ಇನ್ನು ಎಂಟು ವರ್ಷ, ಹಣ ಕೂಡಿದರೆ. ಇಲ್ಲದಿದ್ದರೆ ಹತ್ತು.”

ನಾನು ಅವರ ವಯಸ್ಸನ್ನು ಕೂಡಿ ನೋಡುತ್ತಿದ್ದೇನೆಂಬುದು ಅವರಿಗೆ ತಿಳಿದುಹೋಯಿತು. ನಕ್ಕರು. “ಕೂಡುವ ಕೆಲಸ ನನ್ನದು ಸ್ವಾಮಿ, ನಲವತ್ತು ವರ್ಷ ಅದನ್ನೇ ಮಾಡಿದ್ದೇನೆ. ಆ ಲೆಕ್ಕ ನನಗೆ ಗೊತ್ತು.”

ಅವರ ಪಕ್ಕದಲ್ಲಿ ಹದಿನೇಳರ ಹುಡುಗಿಯೊಬ್ಬಳು ಉಪ್ಪುಕಾಗದ ಹಿಡಿದು ಮರದ ಎಳೆಗೆ ಅಡ್ಡವಾಗಿ ಉಜ್ಜುತ್ತಿದ್ದಳು. ಅವರು ಮಾತು ನಿಲ್ಲಿಸಿ, ಅವಳ ಕೈಯನ್ನು ತಿರುಗಿಸಿ, ಎಳೆಯ ಉದ್ದಕ್ಕೆ ಎಳೆದು ತೋರಿಸಿದರು. ಅವಳು ಮತ್ತೆ ಉಜ್ಜಿದಳು. ಇನ್ನೂ ಅಡ್ಡವೇ ಹೋಯಿತು. ಅವರು ಮತ್ತೆ ತಿರುಗಿಸಿದರು.