ಬದುವಿನ ಬಾರಿಹಣ್ಣು

ಎಳ್ಳಮಾಸಿಯ ದಿನ ಮಾದನಹಿಪ್ಪರಗಾದಲ್ಲಿ ಮನೆಮನೆಗೂ ಕೀಲಿ ಬೀಳುತ್ತದೆ. ಊರಿಗೆ ಊರೇ ಹೊಲ ಸೇರುತ್ತದೆ. ಬುಟ್ಟಿಯಲ್ಲಿ ಭಜ್ಜಿ, ಸಜ್ಜಿ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ. ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ಎದೆಮಟ್ಟ ನಿಂತ ಬಿಳಿಜೋಳದಲ್ಲಿ ಚರಗ ಚೆಲ್ಲಿ, ದೊಡ್ಡವರು ಉಣ್ಣಲು ಕೂರುವಷ್ಟರಲ್ಲಿ ಹುಡುಗರು ಅರ್ಧ ಊಟಕ್ಕೇ ಎದ್ದು ಮಾಯವಾಗಿರುತ್ತಾರೆ. ಎಲ್ಲಿಗೆ ಹೋದರೆಂದು ಯಾರೂ ಕೇಳುವುದಿಲ್ಲ. ಡಿಸೆಂಬರ್ ಕೊನೆ, ಜನವರಿ ಮೊದಲಿನ ಆ ಹೊತ್ತಿಗೆ ಬದುವಿನ ಬಾರಿಗಿಡಗಳು ದ್ವಾರಗಾಯಿಗೆ ಬಂದಿರುತ್ತವೆ.

ಪರದೇಶಗಳಲ್ಲಿ ಸೇಬಿನ ತೋಟದವರು ಹಂಗಾಮಿನಲ್ಲಿ ಗೇಟು ತೆಗೆದು, ಬಂದವರ ಕೈಗೆ ಬುಟ್ಟಿ ಕೊಟ್ಟು, ಹರಿದುಕೊಂಡಷ್ಟನ್ನು ತೂಗಿ ಹಣ ತೆಗೆದುಕೊಳ್ಳುತ್ತಾರೆ. ಮಕ್ಕಳು ಮರಿ ಕಟ್ಟಿಕೊಂಡು ಜನ ಹೋಗುತ್ತಾರೆ. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಕೈಯಾರೆ ಹರಿದು ತಿನ್ನುವ ಹಂಗಾಮೆಂದರೆ ಬಾರಿಹಣ್ಣಿನದು. ಇಲ್ಲಿ ಗೇಟೂ ಇಲ್ಲ, ತಕ್ಕಡಿಯೂ ಇಲ್ಲ. ಹೊಲ ಯಾರದೇ ಇರಲಿ, ಬದುವಿನ ಗಿಡದ ಹಣ್ಣು ಹಾದಿಹೋಕರದೂ ಹೌದು. ನಮ್ಮ ಮುತ್ಯಾ ಹಾಕುತ್ತಿದ್ದ ಕಟ್ಟಳೆ ಒಂದೇ: “ಎಷ್ಟರೆ ಹರ್ಕೊಳ್ರೆಪಾ, ಟೊಂಗಿ ಮುರೀಬ್ಯಾಡ್ರಿ.” ಅದು ಬರೀ ಔದಾರ್ಯದ ಮಾತಲ್ಲ. ಬಾರಿಗಿಡ ಹೂ ಬಿಡುವುದು ಆ ವರ್ಷದ ಹೊಸ ಚಿಗುರಿನ ಎಲೆಬುಡದಲ್ಲಿ. ಬ್ಯಾಸಗಿಯಲ್ಲಿ ಎಲೆ ಉದುರಿಸಿ ಮಲಗಿದಾಗ ಹಿಡಿತದಿಂದ ಸವರಿದರೆ ಅದಕ್ಕೆ ಒಳ್ಳೆಯದು. ಕಾಯಿ ಹೊತ್ತ ಟೊಂಗೆಯನ್ನು ಜಗ್ಗಿ ಸೀಳಿದರೆ ಮಾತ್ರ ಗಾಯ ಬಹುದಿನ ಮಾಯುವುದಿಲ್ಲ.

ಹರಿಯುವುದಕ್ಕೂ ಒಂದು ಕಲಿಕೆ ಬೇಕು. ಪ್ರತಿ ಎಲೆಯ ಬುಡಕ್ಕೆ ಎರಡು ಮುಳ್ಳು, ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆಯಂತೆ ಹಿಂದಕ್ಕೆ ಬಾಗಿದ್ದು. ಕೈ ಒಳಗೆ ಹಾಕುವಾಗ ನೆಟ್ಟನೆಯ ಮುಳ್ಳು ಚುಚ್ಚುತ್ತದೆ, ಹೊರಗೆ ತೆಗೆಯುವಾಗ ಕೊಕ್ಕೆ ಹಿಡಿಯುತ್ತದೆ. ಅವಸರ ಮಾಡಿದವನ ಅಂಗಿ ತೋಳು ಅಲ್ಲೇ ಉಳಿಯುತ್ತದೆ. ಬಲ್ಲವರು ಎಲೆಯ ಬಿಳಿಯ ಮಗ್ಗುಲನ್ನು ಬೆರಳಿಂದ ಮೇಲೆತ್ತಿ, ಕಾಯನ್ನು ತುಸು ತಿರುವಿ ಬಿಡಿಸುತ್ತಾರೆ. ಹಸಿರು ಕಾಯಿ ಒಗರು. ಹಳದಿಗೆ ತಿರುಗಿದ ದ್ವಾರಗಾಯಿ ಕರುಂ ಎನ್ನುತ್ತದೆ, ಅದಕ್ಕೆ ಉಪ್ಪು ಖಾರ ಇರಲೇಬೇಕು. ಕೆಂಪಾಗಿ ಮೆತ್ತಗಾದದ್ದು ಬಾಯಲ್ಲಿ ಹಿಟ್ಟಾಗಿ ಕರಗುತ್ತದೆ. ಗಿಡದಲ್ಲೇ ಸುಕ್ಕುಗಟ್ಟಿದ್ದನ್ನು ಬುಡದಿಂದ ಆರಿಸಿ, ಒಣಗಿಸಿ, ಬೆಲ್ಲ, ಜೀರಿಗೆ, ಖಾರ ಹಾಕಿ ಕುಟ್ಟಿ ಉಂಡಿ ಕಟ್ಟುತ್ತಾರೆ. ಮೊದಲ ಕಚ್ಚಿಗೆ ಹಣ್ಣನ್ನು ಸೀಳಿ ನೋಡುವುದು ಎಲ್ಲರಿಗೂ ರೂಢಿ, ಯಾಕೆಂದರೆ ಹಣ್ಣಿನ ನೊಣ ಒಳಗೆ ತತ್ತಿ ಇಟ್ಟಿದ್ದರೆ ಬೀಜದ ಸುತ್ತ ಹುಳ ಆಗಲೇ ಕೆಲಸ ನಡೆಸಿರುತ್ತದೆ.

ನಮ್ಮ ಹೊಲದ ಬದುವಿನ ಗಿಡಗಳಿಗೆಲ್ಲ ಹೆಸರಿದ್ದವು. ಬಾವಿಯ ಹತ್ತಿರದ್ದು ಹುಳಿಬಾರಿ, ಅದರ ಕಾಯಿ ಪಲ್ಯಕ್ಕೆ ಸೈ. ಹಾದಿ ಬದಿಯದು ಹಿಟ್ಟಬಾರಿ, ಮುದುಕರಿಗೆ ಇಷ್ಟ. ಮೂಡಣ ಬದುವಿನದು ಸಕ್ರಿಬಾರಿ. ಅದರ ಹಣ್ಣು ಗೋಲಿಯಷ್ಟೇ, ಬೀಜವೇ ಅರ್ಧ. ಆದರೂ ಅಂಥ ಸಿಹಿ, ಆ ಸಿಹಿಯ ಹಿಂದೆ ತೆಳ್ಳಗೆ ಬರುವ ಹುಳಿ, ನಾನು ಬೇರೆ ಯಾವ ಹಣ್ಣಿನಲ್ಲೂ ಕಂಡಿಲ್ಲ. ಒಂದೇ ಬದು, ಒಂದೇ ಎರಿ ಮಣ್ಣು, ರುಚಿ ಮಾತ್ರ ಗಿಡಕ್ಕೊಂದು. ಬಾರಿಯ ಬಹುತೇಕ ಗಿಡಗಳು ತಮ್ಮದೇ ಪರಾಗದಿಂದ ಸರಿಯಾಗಿ ಕಾಯಿ ಕಟ್ಟುವುದಿಲ್ಲ. ಜೇನೋ ನೊಣವೋ ಇನ್ನೊಂದು ಗಿಡದ ಪರಾಗ ತರಬೇಕು. ಹಾಗಾಗಿ ಬೀಜ ಬಿದ್ದು ಹುಟ್ಟಿದ ಪ್ರತಿ ಗಿಡವೂ ಹೊಸದೇ ಒಂದು ತಳಿ. ತಾಯಿಯ ರುಚಿ ಮಗಳಲ್ಲಿ ಬಂದೇ ಬರುತ್ತದೆಂಬ ಖಾತ್ರಿ ಇಲ್ಲ.

ಸೇಬಿನ ಕಥೆಯೂ ಹೀಗೇ ಇದೆ. ಪೇಟೆಯಲ್ಲಿ ಕಾಣುವ ಹಸಿರು ಗ್ರ್ಯಾನಿ ಸ್ಮಿತ್ ಸೇಬು 1868ರ ಸುಮಾರಿಗೆ ಆಸ್ಟ್ರೇಲಿಯಾದ ಸಿಡ್ನಿ ಹತ್ತಿರ, ಮರಿಯಾ ಆನ್ ಸ್ಮಿತ್ ಎಂಬ ಅಜ್ಜಿಯ ಜಮೀನಿನಲ್ಲಿ ತಾನಾಗಿ ಎದ್ದ ಒಂದು ಸಸಿ. ಕೆಂಪು ಡೆಲಿಷಿಯಸ್ ಹುಟ್ಟಿದ್ದು ಅಮೆರಿಕದ ಅಯೋವಾದಲ್ಲಿ, ಜೆಸ್ಸಿ ಹಯಾಟ್ ಎಂಬ ರೈತನ ತೋಟದ ಸಾಲಿನ ನಡುವೆ. ಬೇಡದ ಸಸಿಯೆಂದು ಕಡಿದು ಹಾಕಿದರೂ ಮತ್ತೆ ಚಿಗುರಿದ್ದರಿಂದ ಉಳಿಸಿಕೊಂಡನೆಂದು ಹೇಳುತ್ತಾರೆ. ಅದೇ ಡೆಲಿಷಿಯಸ್ ಸಸಿಗಳನ್ನು ಸ್ಯಾಮ್ಯುಯೆಲ್ ಸ್ಟೋಕ್ಸ್ 1916ರಲ್ಲಿ ಶಿಮ್ಲಾ ಸೀಮೆಯ ಕೋಟಗಢಕ್ಕೆ ತಂದರು. ಹಿಮಾಚಲದ ಸೇಬಿನ ಬದುಕು ಬೆಳೆದದ್ದು ಅಲ್ಲಿಂದ. ಜಗತ್ತಿನ ಅಷ್ಟೂ ಗ್ರ್ಯಾನಿ ಸ್ಮಿತ್ ಗಿಡಗಳು ಆ ಒಂದೇ ಸಸಿಯಿಂದ ಕಸಿಯಾಗಿ ಹಬ್ಬಿದವು. ಆ ಅಜ್ಜಿ ಕಳೆಯೆಂದು ಕಿತ್ತಿದ್ದರೆ ಆ ರುಚಿ ಲೋಕಕ್ಕೆ ಸಿಗುತ್ತಲೇ ಇರಲಿಲ್ಲ.

ನಮ್ಮ ಬಿಸಿಲಿಗೂ ಈಗ ಸೇಬು ಬಂದಿದೆ. ಹಿಮಾಚಲದ ಬಿಲಾಸಪುರದ ರೈತ ಹರಿಮನ್ ಶರ್ಮಾ ಕಡಿಮೆ ಚಳಿಯಲ್ಲೂ ಫಲ ಕೊಡುವ ಎಚ್‌ಆರ್‌ಎಂಎನ್-99 ತಳಿಯನ್ನು ಬೆಳೆಸಿದರು, 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕರ್ನಾಟಕದಲ್ಲೂ ಅಲ್ಲಲ್ಲಿ ರೈತರು ಸೇಬು ಹಚ್ಚಿ ನೋಡಿದ್ದಾರೆ. ಅವರ ಉಮೇದಿಗೆ ಗೌರವವಿದೆ. ಆದರೆ ನಲವತ್ತೆರಡು ಡಿಗ್ರಿ ಕಾಯುವ ಈ ನೆಲದ ಸ್ವಂತ ಸೇಬು ಬಾರಿಯೇ. ತಾಯಿಬೇರನ್ನು ಆಳಕ್ಕೆ ಇಳಿಸಿ, ಮಳೆ ಕೈಕೊಟ್ಟ ವರ್ಷವೂ ಕಾಯಿ ಹಿಡಿಯುತ್ತದೆ. ಸೇಬಿಗಿಂತ ಹೆಚ್ಚು ಸಿ ಜೀವಸತ್ವ ಇದರಲ್ಲಿದೆ.

ಬಾರಿಯ ತೋಟಗಳೂ ಈಗ ಎದ್ದಿವೆ. ಉಮ್ರಾನ್, ಗೋಲಾ, ಜಳಗಾಂವ ಕಡೆಯ ಮೆಹರೂಣ ಹಳೆಯ ಕಸಿ ತಳಿಗಳು, ಸೇಬ್ ಎಂಬ ಹೆಸರಿನ ತಳಿಯೇ ಒಂದಿದೆ. ಈಚೆಗೆ ಎಲ್ಲರ ಬಾಯಲ್ಲಿರುವುದು ಥಾಯ್ಲೆಂಡ್ ಮೂಲದ ಆ್ಯಪಲ್ ಬೋರ್. ಹಚ್ಚಿದ ವರ್ಷವೇ ಕಾಯಿ ತೋರಿಸುತ್ತದೆ, ಭಾರಕ್ಕೆ ಟೊಂಗೆಗಳಿಗೆ ಆಸರೆ ಕಟ್ಟಬೇಕು. ಕೈತುಂಬುವ ಹಸಿರು ಹಣ್ಣು, ನೀರು ಜಾಸ್ತಿ, ಸಿಹಿ ಸಪ್ಪೆ. ತೊಗರಿಯ ದರ ಕುಸಿದ ವರ್ಷ ನಾಲ್ಕು ಕಾಸು ಕೊಡುವ ಬೆಳೆಯನ್ನು ನಾನು ಹಳಿಯಲಾರೆ. ಆದರೆ ಸಾಲಿನ ಮೊದಲ ಗಿಡದ ಹಣ್ಣು ತಿಂದರೆ ಕೊನೆಯ ಗಿಡದ್ದೂ ತಿಂದಂತೆಯೇ. ಹುಡುಗರು ಗಿಡದಿಂದ ಗಿಡಕ್ಕೆ ಓಡಿ, ಇದಕ್ಕಿಂತ ಅದು ಛಲೋ ಎಂದು ಜಗಳಾಡುವ ಸುಖ ಆ ಸಾಲಿನಲ್ಲಿಲ್ಲ.

ಬದುವಿನ ಬಾರಿ ಹೋಗುತ್ತಿರುವುದು ತೋಟಗಳಿಂದಲ್ಲ. ಅಣ್ಣತಮ್ಮಂದಿರ ಪಾಲಿನಲ್ಲಿ ಬದು ಸಣ್ಣದಾಗುತ್ತದೆ. ಟ್ರ್ಯಾಕ್ಟರ್ ತಿರುವಲು ಗಿಡ ಅಡ್ಡ. ಬಾರಿಕಂಟಿಯ ಬೇಲಿ ಕಟ್ಟುವ ಕಡೆ ತಂತಿ ಬಂತು. ನೆರಳಿಗೆ ಎರಡು ಸಾಲು ಜೋಳ ಸೊರಗುತ್ತದೆಂಬ ಲೆಕ್ಕ ಬೇರೆ. ಜೆಸಿಬಿ ಒಂದು ತಾಸಿನಲ್ಲಿ ಬದು ಬಳಿದುಕೊಂಡು ಹೋಗುತ್ತದೆ, ಅದರೊಂದಿಗೆ ಬೇರೆಲ್ಲೂ ಇಲ್ಲದ ರುಚಿಯೂ ಹೋಗುತ್ತದೆ. ಇದು ನನಗೆ ನಿಜವಾಗಿ ಸಂಕಟದ ಸಂಗತಿ. ಹುಳಿಬಾರಿ ಹೋದದ್ದು ಹಾಗೆಯೇ.

ಉಳಿಸುವುದು ಕಷ್ಟದ್ದೇನಲ್ಲ, ಗಿಡ ಇದ್ದ ಜಾಗದಲ್ಲೇ ಉಳಿಯಬೇಕೆಂದೂ ಇಲ್ಲ. ಏಪ್ರಿಲ್ ಸುಮಾರಿಗೆ ದಂಡೆಯ ಯಾವುದೇ ಕಾಡುಬಾರಿಯನ್ನು ಮೊಣಕಾಲ ಮಟ್ಟಕ್ಕೆ ಕಡಿದರೆ ಮಿರಗದ ಮಳೆಗೆ ಚಿಗುರೊಡೆಯುತ್ತದೆ. ಚಿಗುರು ಪೆನ್ಸಿಲ್ ದಪ್ಪ ಬಂದಾಗ ತೊಗಟೆಯನ್ನು ಟಿ ಆಕಾರಕ್ಕೆ ಸೀಳಿ, ರುಚಿಯ ಗಿಡದಿಂದ ತಂದ ಕಣ್ಣನ್ನು ಒಳಗೆ ಕೂಡಿಸಿ, ಕಣ್ಣಷ್ಟೇ ಬಯಲಿರುವಂತೆ ಪ್ಲಾಸ್ಟಿಕ್ ಪಟ್ಟಿ ಸುತ್ತಬೇಕು. ಎರಡು ಮೂರು ವಾರದಲ್ಲಿ ಕಣ್ಣು ಬಿಡುತ್ತದೆ. ಕೆಳಗಿನಿಂದ ಏಳುವ ಕಾಡುಚಿಗುರನ್ನು ಮಾತ್ರ ಬಿಡದೆ ಚಿವುಟುತ್ತಿರಬೇಕು, ಇಲ್ಲದಿದ್ದರೆ ಅದೇ ಮೇಲಾಗುತ್ತದೆ. ಸಕ್ರಿಬಾರಿಯ ಕಣ್ಣು ನಮ್ಮ ಮನೆಯ ಹಿಂದಿನ ಗಿಡದಲ್ಲೂ, ಕಾಕಾನ ಹೊಲದ ದಂಡೆಯಲ್ಲೂ ಹಿಡಿದಿದೆ. ಬೇಕಾದವರು ಜೂನ್ ಕಳೆದ ಮೇಲೆ ಒದ್ದೆ ಅರಿವೆ ತಗೊಂಡು ಬನ್ನಿ, ಕಡ್ಡಿ ಕೊಯ್ದು ಕೊಡುತ್ತೇನೆ.