ಕೊಕ್ಕಿಗೆ ಎಟುಕದ ಜಾಗ

ಗುಂಡನನ್ನು ಮೊದಲ ಸಲ ನೋಡಿದವರಿಗೆ ಎರಡು ಬೇರೆ ಬೇರೆ ಹಕ್ಕಿಗಳನ್ನು ಸೇರಿಸಿ ಹೊಲಿದಂತೆ ಕಾಣುತ್ತದೆ. ಕುತ್ತಿಗೆಯಿಂದ ಮೇಲಕ್ಕೆ ಅದು ಪುಸ್ತಕದ ಚಿತ್ರದಲ್ಲಿರುವಂಥದೇ ಆಫ್ರಿಕನ್ ಗ್ರೇ ಗಿಳಿ: ಬೂದಿ ಬಣ್ಣದ ಸಣ್ಣ ಸಣ್ಣ ಗರಿಗಳು, ಪ್ರತಿ ಗರಿಗೂ ತೆಳುವಾದ ಬಿಳಿ ಅಂಚು, ಮಾಸಲು ಹಳದಿ ಕಣ್ಣು, ಕಪ್ಪು ಕೊಕ್ಕು. ಕುತ್ತಿಗೆಯಿಂದ ಕೆಳಕ್ಕೆ ಮಾಂಸದಂಗಡಿಯಲ್ಲಿ ತೂಗುಹಾಕಿದ ಕೋಳಿ. ಎದೆ ಪೂರ್ತಿ ಬೋಳು, ತೊಡೆಯ ಮೇಲೆ ಅಲ್ಲಲ್ಲಿ ಹತ್ತಿಯಂಥ ತುಪ್ಪಳ. ಬಾಲದ ಕೆಂಪು ಗರಿಗಳಲ್ಲಿ ಅರ್ಧ ಉಳಿದಿವೆ.

“ರೋಗಾನಾ?” ಎಂದು ಕೇಳುತ್ತಾ ಬಂದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಯಾರೂ ಅದರ ಪುಕ್ಕ ಕಿತ್ತಿಲ್ಲ, ಅದೇ ಕಿತ್ತುಕೊಂಡಿದೆ ಎನ್ನುವುದಕ್ಕೆ ಆ ಚೆಂದದ ತಲೆಯೇ ಸಾಕ್ಷಿ. ಕೊಕ್ಕು ಎಟುಕುವಲ್ಲೆಲ್ಲ ಹಕ್ಕಿ ಕಿತ್ತುಕೊಳ್ಳಬಲ್ಲದು. ತನ್ನ ತಲೆ ಮಾತ್ರ ತನ್ನ ಕೊಕ್ಕಿಗೆ ಎಟುಕುವುದಿಲ್ಲ. ತಲೆಯ ಗರಿಗಳೂ ಹೋಗಿದ್ದರೆ ವೈದ್ಯರು ಬೇರೆ ದಿಕ್ಕಿನಲ್ಲಿ ಯೋಚಿಸುತ್ತಾರೆ: ಕೊಕ್ಕು ಮತ್ತು ಗರಿ ಎರಡನ್ನೂ ಕೆಡಿಸುವ ವೈರಸ್ ಇರಬಹುದು, ಇಲ್ಲವೇ ಜೊತೆಯಲ್ಲಿರುವ ಇನ್ನೊಂದು ಹಕ್ಕಿಯ ಕಿತಾಪತಿ ಇರಬಹುದು.

ಗುಂಡ ನಮ್ಮ ತುಮಕೂರಿನ ಮನೆಗೆ ಬಂದದ್ದು 2022ರಲ್ಲಿ, ಬೋಳಾಗಿಯೇ. ಬೆಂಗಳೂರಿನಲ್ಲಿದ್ದ ಚಿಕ್ಕಮ್ಮ ಮಗನ ಮನೆಗೆಂದು ಅಮೆರಿಕಕ್ಕೆ ಹೊರಟು ನಿಂತಿದ್ದರು. ಗಿಳಿಯನ್ನು ಜೊತೆಗೆ ಒಯ್ಯುವುದು ಬಟ್ಟೆಬರೆ ಒಯ್ದಷ್ಟು ಸುಲಭವಲ್ಲ. ಈ ಜಾತಿಯನ್ನು ಕಾಡಿನಿಂದ ಹಿಡಿದು ಮಾರಿ ಮಾರಿ ಬರಿದು ಮಾಡಿದ ಮೇಲೆ, 2016ರ ಜೊಹಾನ್ಸ್‌ಬರ್ಗ್ ಸಮ್ಮೇಳನದಲ್ಲಿ ಸೈಟಿಸ್ ಒಪ್ಪಂದದ ಮೊದಲನೆಯ ಪಟ್ಟಿಗೆ ಸೇರಿಸಿದರು. ಆಮೇಲೆ ಒಂದು ಹಕ್ಕಿ ಗಡಿ ದಾಟಬೇಕಾದರೂ ಕಾಗದಪತ್ರಗಳ ಕಂತೆ ಬೇಕು. ಚಿಕ್ಕಮ್ಮ ಅಮ್ಮನನ್ನು ಕೇಳಿದರು, ಅಮ್ಮ ಹೂಂ ಎಂದಳು. “ಹೋಗ್ಲಿ, ಊರಿನ ಹಸಿರು ಗಿಣಿ ಆದ್ರೂ ಸಾಕಬಾರದಿತ್ತಾ, ನೋಡೋಕೆ ಲಕ್ಷಣವಾಗಿರ್ತಿತ್ತು” ಎನ್ನುವ ನೆಂಟರಿಗೆ, ನಮ್ಮ ಹಸಿರು ಗಿಣಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಪರದೇಶದ್ದನ್ನು ಸಾಕಬಹುದು, 2024ರ ನಿಯಮದಂತೆ ಹೆಸರು ನೋಂದಾಯಿಸಬೇಕು, ಅಷ್ಟೆ. ಈ ವ್ಯತ್ಯಾಸ ಹಕ್ಕಿಗೆ ಅರ್ಥವಾಗುವಂಥದಲ್ಲ.

ಗುಂಡ ಯಾಕೆ ಪುಕ್ಕ ಕಿತ್ತುಕೊಳ್ಳತೊಡಗಿತು ಎಂಬುದಕ್ಕೆ ನಮ್ಮ ಕುಟುಂಬದಲ್ಲಿ ಒಂದು ಕಥೆಯಿದೆ. ಚಿಕ್ಕಪ್ಪ ಆಸ್ಪತ್ರೆ ಸೇರಿ ಮನೆಗೆ ಮರಳದ ವರ್ಷ ಅದು ಶುರುವಾಯಿತಂತೆ. ಗಿಳಿಗೆ ದುಃಖ, ಅದಕ್ಕೇ ಹೀಗೆ ಎಂದು ಎಲ್ಲರೂ ನಂಬಿದ್ದಾರೆ. ಕಥೆ ಚೆನ್ನಾಗಿದೆ. ಆದರೆ ಅದೇ ವರ್ಷ ಮನೆಗೆ ಸತುವಿನ ಲೇಪವಿದ್ದ ಹೊಸ ಪಂಜರವೂ ಬಂದಿತ್ತು. ಅಂಥ ಕಂಬಿಯನ್ನು ಕಚ್ಚಿ ಕಚ್ಚಿ ಹಕ್ಕಿಗಳ ಮೈಗೆ ವಿಷವೇರುವುದುಂಟು. ಊಟ ಆಗಲೂ ಸೂರ್ಯಕಾಂತಿ ಬೀಜವೇ: ಕೊಬ್ಬು ಹೇರಳ, ಎ ಜೀವಸತ್ವವೂ ಸುಣ್ಣದ ಅಂಶವೂ ತೀರಾ ಕಡಿಮೆ. ಸುಣ್ಣದ ಅಂಶ ಕುಸಿದರೆ ಈ ಜಾತಿ ಬೇಗ ಬಳಲುತ್ತದೆ. ಒಂದು ಹಕ್ಕಿ ತನ್ನ ಮೈಯನ್ನು ತಾನೇ ಕೀಳಲು ದುಃಖವೊಂದೇ ಬೇಕಾಗಿಲ್ಲ ಎಂದು ನಾನು ಹೇಳಿದರೆ ಮನೆಯವರಿಗೆ ನಾನು ಕಲ್ಲುಮನಸ್ಸಿನವಳಾಗಿ ಕಾಣುತ್ತೇನೆ.

ಹಕ್ಕಿಗಳನ್ನು ಬಲ್ಲ ವೈದ್ಯರು ಬೆಂಗಳೂರಿನಲ್ಲಿ ಸಿಕ್ಕಿದರು. ಅವರು ರಕ್ತ ತೆಗೆದರು, ಹಿಕ್ಕೆ ನೋಡಿದರು, ಸತುವಿನ ಅಂಶ, ಪಿತ್ತಜನಕಾಂಗ, ವೈರಸ್ ಎಲ್ಲ ಪರೀಕ್ಷೆ ಮಾಡಿಸಿದರು. ಈ ಕಾಯಿಲೆಯನ್ನು ಕಂಡುಹಿಡಿಯುವ ಬಗೆಯೇ ಹಾಗೆ, ಒಂದೊಂದನ್ನೇ ಅಲ್ಲವೆಂದು ತೆಗೆದುಹಾಕುತ್ತಾ ಹೋಗುವುದು. ಪ್ರತಿ ಸಲ “ಇದೂ ಚೆನ್ನಾಗಿದೆ” ಎಂದಾಗ ನಮಗೆ ಒಳಗೊಳಗೇ ನಿರಾಸೆ. ಹೆಸರಿರುವ ರೋಗವಾದರೆ ಹೆಸರಿರುವ ಮಾತ್ರೆಯೂ ಇರುತ್ತದಲ್ಲ. ಆ ಪರೀಕ್ಷೆಗಳ ನಡುವೆ ಒಂದು ಗರಿಯ ಬುಡವನ್ನು ಡಿಎನ್‌ಎಗೆ ಕಳಿಸಿದ್ದರಿಂದ ಗುಂಡ ಹೆಣ್ಣು ಎಂದು ಗೊತ್ತಾಯಿತು. ನೋಡಿ ಹೇಳಲು ಬಾರದಷ್ಟು ಒಂದೇ ಥರ ಇರುತ್ತವೆ ಈ ಜಾತಿಯ ಗಂಡು ಹೆಣ್ಣು. ಅಮ್ಮ ಹೆಸರು ಬದಲಿಸಲು ಒಪ್ಪಲಿಲ್ಲ. “ಇಷ್ಟು ವರ್ಷ ಓಗೊಟ್ಟಿದೆ, ಈಗ ಗೌರಿ ಅಂದ್ರೆ ತಿರುಗಿ ನೋಡತ್ತಾ?”

ವೈದ್ಯರು ಹೇಳಿದ್ದರಲ್ಲಿ ನಮಗೆ ಅತಿ ಕಷ್ಟವಾದದ್ದು ಔಷಧಿಯಲ್ಲ. ಅದು ಕಿತ್ತುಕೊಳ್ಳುವಾಗ ಏನೂ ಹೇಳಬೇಡಿ ಎಂದರು. ಓಡಿಬರಬೇಡಿ, ಗದರಬೇಡಿ, ಮುದ್ದು ಮಾಡಬೇಡಿ. ಪುಕ್ಕ ಕಿತ್ತರೆ ಮನೆಯವರು ಬರುತ್ತಾರೆ ಎಂದು ಹಕ್ಕಿ ಕಲಿತುಬಿಡುತ್ತದೆ. ಗುಂಡ ಅದನ್ನು ಆಗಲೇ ಕಲಿತಾಗಿತ್ತು. ಕೊಕ್ಕನ್ನು ಎದೆಗೆ ಇಳಿಸುವ ಮೊದಲು ಒಂದು ಕ್ಷಣ ತಡೆದು, “ಬೇಡ ಕಣೋ, ನೋಯತ್ತೆ” ಎನ್ನುತ್ತದೆ. ಚಿಕ್ಕಮ್ಮನ ದನಿ, ಅದೇ ರಾಗ, ‘ನೋಯತ್ತೆ’ಯ ಕೊನೆಯಲ್ಲಿ ಅವರದೇ ಸಣ್ಣ ಉಸಿರು. ಆಮೇಲೆ ಟಪ್ ಎಂದು ಒಂದು ಗರಿ. ಮೊದಲ ಸಲ ಕೇಳಿದಾಗ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಇವತ್ತಿಗೂ ಆ ಮಾತು ಕೇಳಿದರೆ ಅವಳು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಬೇಕೆಂದೇ ಜೋರಾಗಿ ಜೋಡಿಸುತ್ತಾಳೆ.

ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದ ಹುಡುಗಿಯೊಬ್ಬಳು ಪರೀಕ್ಷೆ ಹತ್ತಿರ ಬಂದಂತೆ ಹುಬ್ಬಿನ ಕೂದಲು ಕಿತ್ತುಕೊಳ್ಳುತ್ತಿದ್ದಳು. ಓದುತ್ತಾ ಓದುತ್ತಾ ಕೈ ತಾನೇ ಮೇಲೇರುತ್ತಿತ್ತು. “ಕೈ ತೆಗಿಯೇ” ಎಂದು ನಾವು ನಾಲ್ವರೂ ದಿನಕ್ಕೆ ನೂರು ಸಲ ಹೇಳುತ್ತಿದ್ದೆವು. ಅವಳು ತೆಗೆಯುತ್ತಿದ್ದಳು, ಮತ್ತೆ ಏರುತ್ತಿತ್ತು. ಅದಕ್ಕೆ ಟ್ರೈಕೊಟಿಲೋಮೇನಿಯಾ ಎಂಬ ಹೆಸರಿದೆ, ಗಿಳಿಗಳ ಈ ಚಾಳಿಯನ್ನು ತಜ್ಞರು ಅದರೊಡನೆ ಹೋಲಿಸುತ್ತಾರೆ ಎಂದು ನಾನು ಓದಿದ್ದು ಗುಂಡ ಬಂದ ಮೇಲೆ.

ಕಾಡಿನ ಗಿಳಿಗಳಲ್ಲಿ ಈ ಚಾಳಿ ಕಾಣುವುದು ತೀರಾ ಅಪರೂಪ. ಮಧ್ಯ ಆಫ್ರಿಕಾದ ಕಾಡುಗಳಲ್ಲಿ ಅವು ಹಿಂಡು ಹಿಂಡಾಗಿ ಹಾರಿ ತಾಳೆಹಣ್ಣನ್ನೂ ಬೀಜಗಳನ್ನೂ ಹುಡುಕಿ, ಸುಲಿದು, ಒಡೆದು ತಿನ್ನುವುದರಲ್ಲೇ ಹಗಲಿನ ಬಹುಪಾಲು ಕಳೆಯುತ್ತವೆ. ಬಟ್ಟಲಲ್ಲಿ ಹಾಕಿದ ಕಾಳು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಉಳಿದ ಹೊತ್ತು ಆ ಕೊಕ್ಕು ಏನು ಮಾಡಬೇಕು? ತಲೆಯಾದರೂ ಸಾಮಾನ್ಯದ್ದಲ್ಲ. 1977ರಲ್ಲಿ ಷಿಕಾಗೋದ ಅಂಗಡಿಯೊಂದರಲ್ಲಿ ಕೊಂಡ ಅಲೆಕ್ಸ್ ಎಂಬ ಇದೇ ಜಾತಿಯ ಗಿಳಿಗೆ ವಿಜ್ಞಾನಿ ಐರಿನ್ ಪೆಪ್ಪರ್‌ಬರ್ಗ್ ಮೂವತ್ತು ವರ್ಷ ಪಾಠ ಹೇಳಿದರು. ಬಣ್ಣ, ಆಕಾರ, ಎಣಿಕೆ ಅದಕ್ಕೆ ಗೊತ್ತಿತ್ತು. ಒಮ್ಮೆ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು ಇದು ಯಾವ ಬಣ್ಣ ಎಂದು ಕೇಳಿ, ಬೂದಿ ಎಂಬ ಪದವನ್ನು ಕಲಿಯಿತಂತೆ. 2007ರಲ್ಲಿ ಅದು ಸತ್ತಿತು. ಗುಂಡನ ಹತ್ತಿರ ನಾವು ಕನ್ನಡಿ ಇಟ್ಟಿಲ್ಲ.

ಹಾಗಾಗಿ ನಮ್ಮ ಮನೆಯಲ್ಲಿ ಈಗ ಊಟ ಕೊಡುವುದಿಲ್ಲ, ಬಚ್ಚಿಡುತ್ತೇವೆ. ಮುತ್ತುಗದ ಎಲೆಯಲ್ಲಿ ಶೇಂಗಾ ಸುತ್ತಿ ನಾರಿನಿಂದ ಕಟ್ಟುತ್ತೇವೆ. ಅಡಿಕೆ ಹಾಳೆಯ ಚೂರುಗಳ ನಡುವೆ ಗೆಣಸು, ಕ್ಯಾರೆಟ್ಟು, ನುಗ್ಗೆಸೊಪ್ಪು. ಹಸಿಮೆಣಸಿನಕಾಯಿಯನ್ನಂತೂ ಕಡಲೆಮಿಠಾಯಿಯಂತೆ ಜಗಿಯುತ್ತದೆ. ಹಕ್ಕಿಗಳಿಗೆ ಮೆಣಸಿನ ಖಾರ ತಾಗುವುದಿಲ್ಲ. ನಾನ್‌ಸ್ಟಿಕ್ ಕಾವಲಿ ಹೋಗಿ ಅಜ್ಜಿಯ ಕಬ್ಬಿಣದ ಕಾವಲಿ ಅಟ್ಟದಿಂದ ಇಳಿಯಿತು, ಏಕೆಂದರೆ ಆ ಲೇಪ ಕಾದು ಹೊಗೆಯಾದರೆ ಹಕ್ಕಿ ನಿಮಿಷಗಳಲ್ಲಿ ಸಾಯಬಹುದು. ಊದುಬತ್ತಿ, ಸೊಳ್ಳೆಬತ್ತಿ ನಿಂತವು. ದೇವರಿಗೆ ಧೂಪ ನಿಂತದ್ದಕ್ಕೆ ಅಮ್ಮ ದೇವರ ಹತ್ತಿರವೇ ಏನೋ ಮಾತಾಡಿಕೊಂಡಳು, ನನಗೆ ಹೇಳಲಿಲ್ಲ. ಸಂಜೆ ಏಳಕ್ಕೆ ಪಂಜರದ ಮೇಲೆ ಹಳೇ ಸೀರೆ. ಹನ್ನೆರಡು ಗಂಟೆ ಕತ್ತಲು ಬೇಕು ಅದಕ್ಕೆ.

ಇಷ್ಟೆಲ್ಲ ಮಾಡಿದ ಮೇಲೆ ಹೋದ ವರ್ಷ ಜೂನ್‌ನಲ್ಲಿ ಎದೆಯ ಮೇಲೆ ಮುಳ್ಳಿನಂತೆ ಎಳೆಗರಿಗಳು ಮೂಡಿದವು. ಎಳೆಗರಿಯ ಒಳಗೆ ರಕ್ತ ಹರಿಯುತ್ತಿರುತ್ತದೆ, ಮೇಲೆ ಮೇಣದಂಥ ಬಿಳಿಯ ಕವಚ. ಹದಿನೈದು ದಿನ ನಾನು ದಿನಕ್ಕೊಂದು ಫೋಟೊ ತೆಗೆದು ಚಿಕ್ಕಮ್ಮನಿಗೆ ಕಳಿಸಿದೆ. ಹದಿನಾರನೆಯ ಬೆಳಿಗ್ಗೆ ಸೀರೆ ಸರಿಸಿದರೆ ತಟ್ಟೆಯ ತುಂಬ ಗರಿಗಳು, ಒಂದು ಕಡೆ ರಕ್ತ. ಜೋಳದ ಹಿಟ್ಟು ಒತ್ತಿ ಹಿಡಿದು ನಿಲ್ಲಿಸಿದೆವು. ಕೊರಳಿಗೆ ಪಟ್ಟಿ ಹಾಕಿದರೆ ಕೀಳುವುದು ನಿಲ್ಲುತ್ತದೆ, ಗಾಯ ಮಾಡಿಕೊಳ್ಳುವ ಹಕ್ಕಿಗೆ ಅದು ಬೇಕೇಬೇಕು, ಇದಕ್ಕೆ ಇನ್ನೂ ಅಷ್ಟಾಗಿಲ್ಲ ಎಂದರು ವೈದ್ಯರು. ಪಟ್ಟಿ ಕೊಕ್ಕನ್ನು ತಡೆಯುತ್ತದೆ, ಕೀಳಬೇಕೆನ್ನುವುದನ್ನು ತಡೆಯುವುದಿಲ್ಲ. ಪದೇ ಪದೇ ಕಿತ್ತ ಕಡೆ ಗರಿಯ ಬೇರೇ ಸತ್ತು ಮುಂದೆಂದೂ ಬಾರದಿರಬಹುದು ಎಂದೂ ಹೇಳಿದರು. ಆಮೇಲೆ ಪುಕ್ಕ ಎಣಿಸಬೇಡಿ, ತೂಕ ನೋಡಿ, ಆಟ ನೋಡಿ ಎಂದರು. ಅಂದಿನಿಂದ ನಾನು ಫೋಟೊ ತೆಗೆದಿಲ್ಲ. ಚಿಕ್ಕಮ್ಮ ಪ್ರತಿ ಭಾನುವಾರ “ಬಂತಾ?” ಎಂದೇ ಕೇಳುತ್ತಾರೆ, ಅಮ್ಮ “ತಿಂತಾ ಇದೆ, ಆಡ್ತಾ ಇದೆ” ಎನ್ನುತ್ತಾಳೆ.

ಬಾಣನ ಕಾದಂಬರಿಯನ್ನು ನಾಗವರ್ಮ ಕನ್ನಡಕ್ಕೆ ತಂದದ್ದನ್ನು ಎಂಎ ತರಗತಿಯಲ್ಲಿ ಓದುವಾಗ, ವೈಶಂಪಾಯನ ಗಿಳಿ ಎಂದರೆ ಚಿನ್ನದ ಪಂಜರದಲ್ಲಿ ಕೂತ ಮಹಾಪಂಡಿತ ಎಂಬುದಷ್ಟೇ ನನ್ನ ಮನಸ್ಸಿನಲ್ಲಿ ನಿಂತಿತ್ತು. ಈಚೆಗೆ ಮತ್ತೆ ನೋಡಿದಾಗ ಬೇರೆಯದು ಕಂಡಿತು. ಬೇಡನ ಕೈಯಿಂದ ಹೇಗೋ ಉಳಿದು ತರಗೆಲೆಗಳ ಮೇಲೆ ಬಿದ್ದಾಗ ಅದು ಇನ್ನೂ ರೆಕ್ಕೆ ಬಲಿಯದ ಮರಿ. ಅಷ್ಟು ದೊಡ್ಡ ಕಥೆಯನ್ನು ರಾಜನ ಮುಂದೆ ಹೇಳುವುದು ಹಾಗೆ ಹಾರಲಾರದೆ ತೆವಳಿ ಬದುಕಿದ ಹಕ್ಕಿ.

ತಲೆಯ ಗರಿಗಳು ಮಾತ್ರ ಕಾಲಕಾಲಕ್ಕೆ ಉದುರಿ ಹೊಸದಾಗಿ ಬರುತ್ತವೆ. ಅಲ್ಲಿಯ ಎಳೆಗರಿಯ ಕವಚವನ್ನು ಬಿಡಿಸಿಕೊಳ್ಳಲೂ ಗುಂಡನ ಕೊಕ್ಕು ಎಟುಕದು. ಹಿಂಡಿನಲ್ಲಿದ್ದರೆ ಜೊತೆಯ ಹಕ್ಕಿ ಆ ಕೆಲಸ ಮಾಡಿಕೊಡುತ್ತದೆ. ಇಲ್ಲಿ ಅಮ್ಮ ಇದ್ದಾಳೆ. ಮಧ್ಯಾಹ್ನ ಊಟವಾದ ಮೇಲೆ ಅವಳು ಪಂಜರದ ಬಾಗಿಲು ತೆಗೆದು ಕುರ್ಚಿ ಎಳೆದು ಕೂತರೆ ಗುಂಡ ಬಂದು ಅವಳ ಮಣಿಕಟ್ಟಿನ ಮೇಲೆ ನಿಂತು, ಕಣ್ಣು ಅರೆಮುಚ್ಚಿ, ತಲೆ ಬಗ್ಗಿಸಿ ಹಿಂಗತ್ತು ಒಡ್ಡುತ್ತದೆ. ಅಮ್ಮ ಹೆಬ್ಬೆರಳು ತೋರುಬೆರಳ ನಡುವೆ ಒಂದೊಂದೇ ಗರಿಯನ್ನು ಹಿಡಿದು ಮೆಲ್ಲಗೆ ಹೊಸಕುತ್ತಾಳೆ. ನೆನೆಸಿದ ಅವರೆಕಾಳನ್ನು ಹಿದುಕುವ ಅದೇ ಕೈ. ರಕ್ತವಿರುವ ಗರಿ ಯಾವುದು, ಒಣಗಿದ್ದು ಯಾವುದು ಎಂದು ಬೆರಳಿಗೇ ಗೊತ್ತು. ಕವಚ ಒಡೆದು ಬಿಳಿ ಹುಡಿ ಸೀರೆಯ ಮೇಲೆ ಉದುರುತ್ತದೆ, ಒಳಗಿನಿಂದ ಬೂದಿ ಬಣ್ಣದ ಗರಿ ಬಿಚ್ಚಿಕೊಳ್ಳುತ್ತದೆ. ಎಲ್ಲಾದರೂ ಎಳೆಯದನ್ನು ಮುಟ್ಟಿದರೆ ಗುಂಡ ಕೊಕ್ಕಿನಿಂದ ಅವಳ ಬೆರಳನ್ನು ಸುಮ್ಮನೆ ಹಿಡಿದು, ಕಚ್ಚದೆ, ಆಚೆ ಸರಿಸುತ್ತದೆ. ತನ್ನ ಎದೆಯ ಮೇಲೆ ಅಷ್ಟು ನಿರ್ದಯವಾಗಿ ಇಳಿಯುವ ಕೊಕ್ಕು ಇದೇ.

ಅಮ್ಮನಿಗೆ ಈಗ ಎಪ್ಪತ್ತೊಂದು. ಗುಂಡನಿಗೆ ಹದಿನಾಲ್ಕು. ಮನುಷ್ಯರ ಜೊತೆಯಲ್ಲಿ ಈ ಹಕ್ಕಿಗಳು ನಲವತ್ತು ದಾಟುವುದು ಹೊಸದೇನಲ್ಲ. ಲೆಕ್ಕ ನಾನೂ ಮಾಡಿದ್ದೇನೆ, ಅಮ್ಮನೂ ಮಾಡಿದ್ದಾಳೆ, ಇಬ್ಬರೂ ಬಾಯಿ ಬಿಟ್ಟಿಲ್ಲ. ಬೋಳು ಗಿಳಿಯನ್ನು ಕೊಡುತ್ತೇವೆಂದರೆ ಯಾರು ತಗೊಳ್ಳುತ್ತಾರೆ?

ಪಕ್ಕದ ಮನೆಯ ಎಂಟನೇ ಕ್ಲಾಸಿನ ಹುಡುಗಿ ಶಾಲೆ ಮುಗಿಸಿ ಬಂದು ನಮ್ಮ ಜಗಲಿಯಲ್ಲಿ ಎಲೆ ಸುತ್ತಲು ಕೂರುತ್ತಾಳೆ. ಮೊದಲ ದಿನ ಅವಳು ರೋಗವಾ ಎಂದು ಕೇಳಲಿಲ್ಲ, “ಆಂಟಿ, ಇದಕ್ಕೆ ಚಳಿ ಆಗಲ್ವಾ?” ಎಂದಳು. ಆಗುತ್ತದೆ. ಡಿಸೆಂಬರ್‌ನಲ್ಲಿ ಪಂಜರದ ಒಂದು ಮೂಲೆಗೆ ಬೆಳಕಿಲ್ಲದ ಸಣ್ಣ ಹೀಟರ್ ಕಟ್ಟುತ್ತೇವೆ ಎಂದು ತೋರಿಸಿದೆ. ಬೇಕಾದಾಗ ಹತ್ತಿರ ಬಂದು, ಬೇಡವಾದಾಗ ದೂರ ಹೋಗುವಷ್ಟು ಜಾಗ ಬಿಟ್ಟು ಕಟ್ಟಬೇಕು ಎಂಬುದನ್ನು ಅವಳು ಕೇಳಿ ತಿಳಿದುಕೊಂಡಳು. ಈಗ ಅವಳು ಕಟ್ಟುವ ಗಂಟನ್ನು ಬಿಚ್ಚಲು ಗುಂಡನಿಗೆ ನನ್ನ ಗಂಟಿಗಿಂತ ಎರಡರಷ್ಟು ಹೊತ್ತು ಬೇಕು.

ಮೊನ್ನೆ ಅವಳು ಎಲೆಯ ದಂಟಿನಿಂದ ನಾರನ್ನು ಜೋರಾಗಿ ಸೀಳಿ ಕೀಳುತ್ತಿದ್ದಳು. ಪಂಜರದ ಮೇಲೆ ಕೂತಿದ್ದ ಗುಂಡ ಕತ್ತು ಓರೆ ಮಾಡಿ ನೋಡಿ, “ಬೇಡ ಕಣೋ, ನೋಯತ್ತೆ” ಎಂದಿತು.

“ಕಣೋ ಅಲ್ಲ, ಕಣೇ ಅನ್ಬೇಕು” ಎಂದು ಹುಡುಗಿ ತಲೆ ಎತ್ತದೆ ತಿದ್ದಿದಳು.